ಹನ್ನೆರಡು ಸೆಕೆಂಡು

ಮುರುಗೆಪ್ಪನ ಮೊಣಕಾಲು ಮಡಚುವುದು ಯಾರಿಂದಲೂ ಆಗುತ್ತಿರಲಿಲ್ಲ. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಆದರೆ ಐವತ್ತೆಂಟು ವರ್ಷ ಒಂದು ಕಡೆ ಕೂತು ಗೊತ್ತಿಲ್ಲದ ಮನುಷ್ಯ ಸತ್ತ ಮೇಲಾದರೂ ಸುಮ್ಮನೆ ಕೂತಾನೆಯೇ? ನಸುಕಿನಲ್ಲಿ ನಿದ್ದೆಯಲ್ಲೇ ಹೋಗಿದ್ದ ಅವನ ಕಾಲು ಹತ್ತು ಗಂಟೆಯ ಹೊತ್ತಿಗೆ ಕಟ್ಟಿಗೆಯಾಗಿತ್ತು. ಇಬ್ಬರು ಬೀಗರು ಹೆಣಗಾಡಿ, ಬೆವರು ಒರೆಸಿಕೊಂಡು ಹಿಂದೆ ಸರಿದರು.

ಬಾಗಿಲ ಬಳಿ ನಿಂತಿದ್ದ ಯಂಕಣ್ಣ ಆಗ ಒಳಗೆ ಬಂದ. ಬಿಸಿನೀರಲ್ಲಿ ಟವೆಲ್ ಅದ್ದಿ ಮೊಣಕಾಲಿಗೆ ಸುತ್ತಿ, ಮೀನಖಂಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕತೊಡಗಿದ. ಹತ್ತು ವರ್ಷದಿಂದ ಪ್ರತಿ ಭಾನುವಾರ ಓಟ ಮುಗಿದ ಮೇಲೆ ಅವನೇ ತಿಕ್ಕಿದ ಕಾಲುಗಳು ಅವು. ಸ್ವಲ್ಪ ಹೊತ್ತಿಗೆ ಒಂದಾದ ಮೇಲೊಂದು ಮಡಚಿದವು.

"ನಿನ್ನ ಮಾತು ಅಷ್ಟ ಕೇಳ್ತಾರ ನೋಡು ಅವರು," ಎಂದರು ಸುಶೀಲಾಬಾಯಿ. ಗಂಡ ಹೋದ ಮೇಲೆ ಅವರು ಆಡಿದ ಮೊದಲ ಮಾತು ಅದು.

ಮುರುಗೆಪ್ಪನಿಗೆ ಡೊಂಬಿವಲಿ ಸ್ಟೇಶನ್ನಿನ ಹತ್ತಿರ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಅಂಗಡಿ. ಯಂಕಣ್ಣ ರಾಯಚೂರು ಕಡೆಯವನು, ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಲೋಡರ್. ರೊಟ್ಟಿ ಒಯ್ಯಲು ಬಂದಾಗ "ಸಾವ್ಕಾರ್ರ" ಎನ್ನುತ್ತಿದ್ದವನು, ಜೊತೆಗೆ ಓಡತೊಡಗಿದ ತಿಂಗಳಲ್ಲೇ "ಅಣ್ಣ" ಎನ್ನತೊಡಗಿದ್ದ. ಓಟದಲ್ಲಿ ಏದುಸಿರು ಬಿಡುವಾಗ ಸಾವ್ಕಾರ್ರ ಎಂಬಷ್ಟು ಉದ್ದದ ಮಾತು ಬರುವುದಿಲ್ಲ, ಅಣ್ಣ ಎಂದರೆ ಬರುತ್ತದೆ.

ಮಗ ರವಿಕಿರಣ್ ಮೊಬೈಲು ಹಿಡಿದು ಬಂದ. ರಸ್ತೆ ಕೂಡುವ ನಾಕೆಯಲ್ಲಿ ಕಟ್ಟುವ ಶ್ರದ್ಧಾಂಜಲಿ ಬ್ಯಾನರಿನ ನಮೂನೆ ಅದರಲ್ಲಿತ್ತು. ಮೆಡಲ್ ಹಾಕಿಕೊಂಡ ಅಪ್ಪನ ಫೋಟೋ, ಅದರ ಕೆಳಗೆ ಹತ್ತು ಕಿಲೋಮೀಟರಿನಲ್ಲಿ ಅವನ ಅತ್ಯುತ್ತಮ ಸಮಯ: ಒಂದು ತಾಸು, ಇಪ್ಪತ್ತೊಂದು ಸೆಕೆಂಡು.

"ಕಾಕಾ, ಹೆ ಬರೋಬರ್ ಆಹೆ ನಾ?" ಸಮಯ ಸರಿಯಿದೆಯಲ್ಲ ಎಂದು ಯಂಕಣ್ಣನನ್ನು ಮರಾಠಿಯಲ್ಲಿ ಕೇಳಿದ.

ಸುಶೀಲಾಬಾಯಿ ಬಗ್ಗಿ ನೋಡಿದರು. "ಪಾಪ, ಕಡೀಗೂ ಒಂದು ತಾಸಿನೊಳಗ ಬರಲಿಲ್ಲ. ಅದೊಂದ ಆಸೆ ಇತ್ತು ಅವರಿಗೆ," ಎಂದರು.

ಯಂಕಣ್ಣ ಮೊಬೈಲಿನ ಕಡೆ ಒಮ್ಮೆ ನೋಡಿದ. "ಬರೋಬರ್ ಅದ," ಎಂದ. ಹೆಣದ ಮುಂದೆ ನಿಂತು ಹೇಳಿದ ಸುಳ್ಳು ಅದು.

*

ಎರಡು ವರ್ಷದ ಹಿಂದೆ ಠಾಣೆಯಲ್ಲಿ ಒಂದು ಓಟವಿತ್ತು. ಮುರುಗೆಪ್ಪ ಹಿಂದಿನ ದಿನವೇ ಅಲ್ಲಿನ ನೌಪಾಡಾಕ್ಕೆ ಹೋಗಿ ಇಬ್ಬರ ಎದೆಯ ಮೇಲಿನ ನಂಬರಿನ ಚೀಟಿಗಳನ್ನೂ ತಂದಿದ್ದ. ಅವುಗಳ ಹಿಂದೆ ಸಮಯ ಹಿಡಿಯುವ ಚಿಪ್ ಅಂಟಿಸಿರುತ್ತಾರೆ. ಸುಶೀಲಾಬಾಯಿ ಎಂದಿನಂತೆ ಎರಡೂ ಅಂಗಿಗೆ ಪಿನ್ನು ಚುಚ್ಚಿ ಮಡಚಿಟ್ಟರು. ಅಂಗಿಗಳೆರಡೂ ಒಂದೇ ಹಳದಿ, ಒಂದೇ ಅಳತೆ. ಯಾರ ನಂಬರು ಯಾರ ಅಂಗಿಗೆ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಓಡುವಾಗ ಮುರುಗೆಪ್ಪ ಚಷ್ಮಾ ಹಾಕುತ್ತಿರಲಿಲ್ಲ. ಯಂಕಣ್ಣನಿಗೆ ತನ್ನ ನಂಬರು ಯಾವುದೆಂದೇ ಗೊತ್ತಿರಲಿಲ್ಲ.

ಅವತ್ತು ಮುರುಗೆಪ್ಪ ಜನ್ಮದಲ್ಲಿ ಓಡದ ಹಾಗೆ ಓಡಿದ. ಯಂಕಣ್ಣ ಇನ್ನೂ ದಾರಿಯಲ್ಲಿ ಕುಂಟುತ್ತಿದ್ದಾಗಲೇ ಸೀವುಡ್ಸ್‌ನಲ್ಲಿ ಔಷಧಿ ಅಂಗಡಿಯ ಕೆಲಸದಲ್ಲಿದ್ದ ಅವನ ಮಗಳು, ಅವನ ಹೆಸರು ನೋಂದಾಯಿಸಿದ್ದ ಮಲ್ಲಿಕಾಳ ಫೋನಿಗೆ ಓಟದವರ ಮೆಸೇಜು ಬಂತು: ಯಂಕಣ್ಣ, ಐವತ್ತೊಂಬತ್ತು ನಿಮಿಷ ನಲವತ್ತೆಂಟು ಸೆಕೆಂಡು. ಅವನು ಗೆರೆ ಮುಟ್ಟಿ ನೀರು ಕುಡಿಯುವಷ್ಟರಲ್ಲಿ ಅವಳ ಫೋನು. ಅವಳು ಖುಷಿಯಿಂದ ಅಳುತ್ತಿದ್ದಳು, ಊರಿಗೆಲ್ಲ ಫೋನು ಮಾಡಿಯೂ ಆಗಿತ್ತು. ಮರುದಿನ ಕಾರ್ಖಾನೆಯಲ್ಲಿ ಮ್ಯಾನೇಜರು ಹಾರ ಹಾಕಿದರು. ಇಪ್ಪತ್ತು ವರ್ಷ "ಏ ಲೋಡರ್" ಎನ್ನಿಸಿಕೊಂಡವನು ಅವತ್ತು "ಯಂಕಣ್ಣಜೀ" ಆದ.

ಹಾರ ತೆಗೆದವನೇ ಅಂಗಡಿಗೆ ಓಡಿದ. ನಿಮ್ಮ ಟೈಮು ನನ್ನ ಹೆಸರಿಗೆ ಬಿದ್ದಿದೆ, ಓಟದವರಿಗೆ ಪತ್ರ ಬರೆದು ಸರಿಮಾಡಿಸೋಣ ಎಂದ. ಮುರುಗೆಪ್ಪ ರೊಟ್ಟಿ ಕಟ್ಟುತ್ತ ನಕ್ಕ.

"ನಿನ್ನ ಮಗಳಿಗೆ ಏನು ಹೇಳ್ತಿ? ಇರ್ಲಿ ಬಿಡು. ಇದರಾಗ ನಂದೂ ಸ್ವಾರ್ಥ ಅದ. ತಾಸಿನೊಳಗ ಬಂದ ದಿನ ಓಡೂದು ಬಿಡ್ತೀನಿ ಅಂತ ಸುಶೀಲಾಗ ಮಾತು ಕೊಟ್ಟೀನಿ. ಗೊತ್ತಾದ್ರ ನಾಳೆನ ನನ್ನ ಬೂಟು ಗುಜರಿ ಭಂಗಾರದವಗ ಹಾಕ್ತಾಳ. ಇನ್ನೊಮ್ಮೆ ಓಡಿದ್ರಾತು."

ಇನ್ನೊಮ್ಮೆ ಅಲ್ಲ, ಆಮೇಲೆ ಐದು ಸಲ ಓಡಿದ. ತಾಸಿನೊಳಗೆ ಬರಲಾಗಲಿಲ್ಲ. ಪ್ರತಿ ಸಲ ಸುಶೀಲಾಬಾಯಿ "ಆಮೆಗೆ ಏನು ಅವಸರ" ಎಂದು ಕಾಡಿಸುತ್ತಿದ್ದರು. ಮುರುಗೆಪ್ಪ ಕಳ್ಳನಗು ನಗುತ್ತ ಅವರು ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದ.

*

ರುದ್ರಭೂಮಿಯಲ್ಲಿ ಕುಣಿ ತೋಡಿ ಆಗಿತ್ತು. ಒಬ್ಬರು ಕೆಳಗಿಳಿದು ದೇಹವನ್ನು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ನೆಟ್ಟಗೆ ಕೂರಿಸಬೇಕು. ಯಂಕಣ್ಣ ಮುಂದೆ ಬಂದಾಗ ವಿಧಿ ಮಾಡಿಸಲು ಬಂದಿದ್ದ ಅಯ್ಯನವರು, ಇವನು ಲಿಂಗಾಯತನಲ್ಲ, ನಮ್ಮವರೇ ಯಾರಾದರೂ ಇಳಿಯಲಿ ಎಂದರು. ಇವನಿಗಿಂತ ನಮ್ಮವರು ಯಾರಿದ್ದಾರೆ ಎಂದು ಸುಶೀಲಾಬಾಯಿ ಕೇಳಿದ ಮೇಲೆ ಅವರು ದಾರಿ ಬಿಟ್ಟರು.

ಯಂಕಣ್ಣ ಕುಣಿಯಲ್ಲಿಳಿದು ಗೆಳೆಯನ ಹೆಗಲು ಹಿಡಿದು ಕೂತ. ಅಯ್ಯನವರು ವಿಭೂತಿ ಹಚ್ಚಿ, ಪತ್ರಿ ಏರಿಸಿ, ಮಂತ್ರ ಹೇಳಿ ಮುಗಿಸಿದರು. ಮೇಲೆ ಹಳದಿ ಅಂಗಿ ತೊಟ್ಟ ಓಟದ ಬಳಗದವರು ಸುತ್ತ ನಿಂತಿದ್ದರು. ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಮಲ್ಲಿಕಾಳೂ ಅವರ ನಡುವೆ ಇದ್ದಳು. ಮುರುಗೆಪ್ಪ ಎಷ್ಟು ಬೆವರು ಸುರಿಸಿದರೂ ಆ ತಾಸು ಒಡೆಯಲಾಗಲಿಲ್ಲ, ಈ ವಯಸ್ಸಿನವರಲ್ಲಿ ನಮ್ಮ ಬಳಗದಲ್ಲಿ ತಾಸು ಒಡೆದವನು ಯಂಕಣ್ಣನೊಬ್ಬನೇ ಎಂದು ಯಾರೋ ಮರಾಠಿಯಲ್ಲಿ ಮರುಗಿದರು. ಮಲ್ಲಿಕಾ ತಲೆಯಾಡಿಸಿದಳು. ದುಃಖದ ನಡುವೆಯೂ ಅವಳ ಮುಖದಲ್ಲಿ ಸಣ್ಣದೊಂದು ಹೆಮ್ಮೆ ಇತ್ತು. ಅದನ್ನು ನೋಡಿದ ಮೇಲೆ ಯಂಕಣ್ಣನಿಗೆ ತಡೆಯಲಾಗಲಿಲ್ಲ. ಇನ್ನೊಂದು ಗಳಿಗೆಯಲ್ಲಿ ಮಣ್ಣು ಬೀಳುತ್ತದೆ, ಆಮೇಲೆ ಯಾರಿಗೆ ಹೇಳಿ ಏನು ಬಂತು?

"ವೋ ಟೈಮ್ ಮೇರಾ ನಹೀ ಹೈ," ಎಂದ ಎಲ್ಲರಿಗೂ ಕೇಳುವಂತೆ. "ಅಣ್ಣಾ ಕಾ ಹೈ."

ನಂಬರು ಅದಲುಬದಲಾದದ್ದು, ಮೆಸೇಜು, ಹಾರ, ಎಲ್ಲವನ್ನೂ ಹರಕುಮುರುಕು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದ. ಪಿನ್ನು ಹಚ್ಚಿದ್ದು ಯಾರೆಂದು ಮಾತ್ರ ಹೇಳಲಿಲ್ಲ.

"ಪಿನ್ನು ಹಚ್ಚಿದಾಕಿ ನಾನ," ಎಂದರು ಸುಶೀಲಾಬಾಯಿ. ಕುಣಿಯ ಅಂಚಿಗೆ ಬಂದು ಕೂತರು. "ಮತ್ತ ಅವರರ ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ ನೀವು ಬೂಟು ಭಂಗಾರದವಗ ಹಾಕ್ತೀರಿ ಅಂತ, ವೈನಿ. ಮಾತು ಕೊಟ್ಟಿದ್ರಂತಲ್ಲ."

ಸುಶೀಲಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆಂಗಸರು ಹಿಡಿದುಕೊಳ್ಳಲು ಬಂದರೆ, ಅವರು ನಗುತ್ತಿದ್ದರು. ಆಮೇಲೆ ಆ ನಗುವೇ ಅಳುವಾಯಿತು, ಬೆಳಗಿನಿಂದ ಬಾರದಿದ್ದ ಅಳು.

"ಎರಡು ವರ್ಷ ನನ್ನ ಕಣ್ಣು ತಪ್ಪಿಸಿ ಓಡ್ಯಾರ," ಎಂದು ಗಂಡನ ಮುಖವನ್ನೇ ನೋಡಿದರು. "ಎಷ್ಟರಾಗ ಬಂದ್ರು ಅಂದಿ?"

ಯಂಕಣ್ಣ ಹೇಳಿದ. ತಾಸಿಗೆ ಹನ್ನೆರಡು ಸೆಕೆಂಡು ಕಡಿಮೆ ಎಂದು ಬಿಡಿಸಿಯೂ ಹೇಳಿದ. ರವಿಕಿರಣ್ ಮೂಗು ಒರೆಸಿಕೊಳ್ಳುತ್ತ ಬ್ಯಾನರಿನ ಅಂಗಡಿಗೆ ಫೋನು ಹಚ್ಚಿದ.

ಇನ್ನು ಮಣ್ಣು ಕೊಡಬೇಕು, ಮೇಲೆ ಬಾ ಎಂದರು ಅಯ್ಯನವರು. ಯಂಕಣ್ಣ ಎದ್ದು ನಿಂತ. ಕುಣಿ ಅವನ ಎದೆಮಟ್ಟ ಇತ್ತು. ಓಟದ ಬಳಗದವರು ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮಗಳ ಕಡೆಗೆ ಕಣ್ಣೆತ್ತುವ ಧೈರ್ಯ ಅವನಿಗಿರಲಿಲ್ಲ. ತಲೆ ತಗ್ಗಿಸಿ, ಸಡಿಲ ಮಣ್ಣಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಏರಲು ನೋಡಿದ. ಮಣ್ಣು ಕುಸಿಯಿತು.

ಆಗ ಅವನ ಕಣ್ಣ ಮುಂದೆ ಒಂದು ಕೈ ಇಳಿದು ಬಂತು. ಮಲ್ಲಿಕಾ ಹಸಿ ಮಣ್ಣಿನಲ್ಲಿ ಮೊಣಕಾಲೂರಿ, ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಅಪ್ಪ ಹಿಡಿಯಲೆಂದು ಅಂಗೈ ಬಿಚ್ಚಿ ಕಾಯುತ್ತಿದ್ದಳು.