ಹಗ್ಗದ ಕಾರ್ಖಾನೆಯ ಕಾತ್ತಾಡಿ

ಶ್ರೀಕಾಂತ್ ಲ್ಯಾಪ್‌ಟಾಪ್ ತೆರೆದು ಚಿತ್ರ ತೋರಿಸಿದಾಗ ಕಲಾವತಿಗೆ ಅದು ಏನೆಂದು ತಕ್ಷಣ ತಿಳಿಯಲಿಲ್ಲ. ಹುಲ್ಲುಹಾಸು, ಈಜುಕೊಳ, ಬಣ್ಣದ ಕೊಡೆಗಳು. ಅವುಗಳ ನಡುವೆ ಬಿಳಿ ಬಣ್ಣ ಬಳಿದ ಕಬ್ಬಿಣದ ಗಾಳಿಯಂತ್ರ, ರೆಕ್ಕೆಗಳ ತುಂಬ ಸೀರಿಯಲ್ ದೀಪ. ಎರಡನೇ ಸಲ ನೋಡಿದಾಗ ಗುರುತು ಸಿಕ್ಕಿತು. ಅದು ಅವಳ ಬೀದಿಯ ಕೊನೆಯಲ್ಲಿ ನಿಂತಿದ್ದ ಕಾತ್ತಾಡಿ. ಚೆನ್ನೈನ ತಿರುವೊಟ್ಟಿಯೂರಿನಲ್ಲಿ ಆ ಬೀದಿಯವರೆಲ್ಲ ಗಾಳಿಯಂತ್ರವನ್ನು ತಮಿಳಿನಲ್ಲಿ ಹಾಗೆಯೇ ಕರೆಯುತ್ತಿದ್ದರು.

ಬ್ರಿಟಿಷರ ಕಾಲದಲ್ಲಿ ಅಲ್ಲೊಂದು ಹಗ್ಗದ ಕಾರ್ಖಾನೆಯಿತ್ತು. ತೆಂಗಿನ ನಾರು ನೆನೆಸಲು ಬಾವಿಯಿಂದ ನೀರೆತ್ತಬೇಕಾಗಿತ್ತು. ಅದಕ್ಕೆಂದು ಎಬ್ಬಿಸಿದ ಯಂತ್ರ ಅದು. ಮದ್ದೂರು ಕಡೆಯಿಂದ ಬಂದು ಆ ಕಾರ್ಖಾನೆಗೆ ಸೇರಿದ ಅಪ್ಪ ತಮ್ಮಯ್ಯ ವಾರಕ್ಕೊಮ್ಮೆ ಗೋಪುರ ಹತ್ತಿ ಗ್ರೀಸ್ ಹಚ್ಚಿ ಇಳಿಯುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೂ ಯಂತ್ರ ನಿಲ್ಲಲಿಲ್ಲ. ಬೀದಿಯ ತೊಟ್ಟಿಗೆ ನೀರು ಸುರಿಯುತ್ತಲೇ ಇತ್ತು. ಸ್ವಲ್ಪ ಉಪ್ಪು ನೀರು, ಕುಡಿಯಲು ಬಾರದು. ಬಟ್ಟೆಗೆ, ಪಾತ್ರೆಗೆ ಧಾರಾಳ. ವಾರ್ದಾ ಚಂಡಮಾರುತ ಬೀಸಿಹೋದ ಮೇಲೆ ಮಾತ್ರ ಅದು ಕಚ್ಚಿಕೊಂಡು ನಿಂತುಬಿಟ್ಟಿತು.

ಈಗ ಆ ಜಾಗವನ್ನು ಕಂಟೇನರ್ ಇಡುವ ಕಂಪನಿಯೊಂದು ಕೊಂಡಿತ್ತು. ಶೆಡ್ಡುಗಳನ್ನು ಕೆಡವಿ ನೆಲ ಸಮ ಮಾಡಬೇಕು. ಯಂತ್ರವನ್ನು ಬಿಚ್ಚಿ ಮಹಾಬಲಿಪುರದ ದಾರಿಯಲ್ಲಿರುವ ರೆಸಾರ್ಟಿಗೆ ಒಯ್ಯಬೇಕು. ಯೋಜನೆ ಹಾಕಿದ ಆರ್ಕಿಟೆಕ್ಟ್ ಅವಳ ಸ್ವಂತ ತಮ್ಮ, ಈ ಶ್ರೀಕಾಂತನೇ. ತಾನು ಅದನ್ನು ಉಳಿಸುತ್ತಿದ್ದೇನೆಂದೇ ಶ್ರೀಕಾಂತ್ ನಂಬಿದ್ದ. ಕಂಪನಿಯವರು ಗುಜರಿಗೆ ಹಾಕಲು ಹೊರಟಿದ್ದರಂತೆ, ಇವನೇ ಹೋರಾಡಿ ಒಪ್ಪಿಸಿದನಂತೆ. ಕೆಳಗೆ ಅಪ್ಪನ ಹೆಸರಿನ ಫಲಕವನ್ನೂ ಹಾಕಿಸುತ್ತಾನಂತೆ.

"ದೀಪ ಹಾಕ್ಕೊಂಡು ಕುಡುಕರ ಮುಂದೆ ನಿಂತ್ಕೊಳಕ್ಕೆ ಅದೇನು ಬೊಂಬೇನಾ?" ಎಂದಳು ಕಲಾವತಿ.

"ಇಲ್ಲಿ ಅದು ಏನು ಮಾಡ್ತಿದೆ ಹೇಳಕ್ಕ, ಕಾಗೆಗೆ ಜಾಗ ಕೊಡೋದು ಬಿಟ್ಟು? ಒಂದ್ಸಲ ತಿರುಗಿಸಿ ತೋರ್ಸು, ಬಿಟ್ಬಿಡಿ ಅಂತ ಕಂಪನಿಯವ್ರಿಗೆ ನಾನೇ ಹೇಳ್ತೀನಿ."

ಆ ಮಾತು ಅವಳಿಗೆ ಚುಚ್ಚಿತು.

ಇನ್ಶೂರೆನ್ಸ್ ಕಚೇರಿಯಿಂದ ನಿವೃತ್ತಳಾದ ಅವಳಿಗೆ ಯಂತ್ರಗಳ ಬಗ್ಗೆ ಓನಾಮವೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಚೇರಿ ಅಲೆಯುವುದು. ಅಲೆದಳು. ಪಾರಂಪರಿಕ ಕಟ್ಟಡಗಳನ್ನು ನೋಡಿಕೊಳ್ಳುವ ಅಧಿಕಾರಿಯೊಬ್ಬರು ಸಮಾಧಾನವಾಗಿ ಎಲ್ಲ ಕೇಳಿ, ಇದು ಕಟ್ಟಡವಲ್ಲ ಎಂದರು. ಹಾಗಾದರೆ ಏನು ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ಕನ್ನಡ ಸಂಘದಲ್ಲಿ ಪರಿಚಯವಿದ್ದ ಗುಂಡಣ್ಣನವರಿಗೆ ಫೋನ್ ಮಾಡಿದಳು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ತಾಂಬರಂನಿಂದ ಎಲೆಕ್ಟ್ರಿಕ್ ಟ್ರೇನ್ ಹಿಡಿದು, ಸಾಮಾನಿನ ಚೀಲ ಹೆಗಲಿಗೇರಿಸಿ ಬಂದರು. ಗಾಳಿಯಂತ್ರ ಅವರಿಗೂ ಹೊಸದೇ. ಒಂದು ಭಾಗ ಬಿಚ್ಚಿ ನೋಡಿ, ತಪ್ಪು ಕಡೆ ಜೋಡಿಸಿ, ಮತ್ತೆ ಬಿಚ್ಚಿದರು. ಬಾವಿಯೊಳಗಿನ ತೊಗಲಿನ ವಾಷರ್ ಪುಡಿಯಾಗಿತ್ತು; ಹೊಸದು ಹಾಕಿದರು. ಮೇಲಿನ ಹಲ್ಲುಚಕ್ರಕ್ಕೆ ಗ್ರೀಸ್ ಹಾಕಬೇಕು, ಆದರೆ ಅವರ ಮಂಡಿ ಏಣಿ ಹತ್ತಲು ಒಪ್ಪಲಿಲ್ಲ.

ಕಲಾವತಿ ಮಗಳ ಸಲ್ವಾರ್ ತೊಟ್ಟು ತಾನೇ ಹತ್ತಿದಳು. ಅರ್ಧದಲ್ಲಿ ಏಣಿಯನ್ನು ತಬ್ಬಿ ನಿಂತುಬಿಟ್ಟಳು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೆಳಗಿನಿಂದ ಮೀನು ಮಾರುವ ಅಂಜಲೈ, "ಕೀಳೆ ಪಾಕ್ಕಾದೀಂಗ ಅಕ್ಕಾ" ಎಂದು ಹೇಳುತ್ತಲೇ ಇದ್ದಳು. ಕೆಳಗೆ ನೋಡದೆ ಹತ್ತಿದಳು. ಗ್ರೀಸ್ ಹಚ್ಚಿ ತಲೆಯೆತ್ತಿದಳು. ತುದಿಯಿಂದ ಕಂಡ ಸಮುದ್ರ ಅವಳು ದಿನವೂ ನೋಡುವ ಸಮುದ್ರದಂತಿರಲಿಲ್ಲ. ಅಪ್ಪ ಪ್ರತಿವಾರ ಇದನ್ನು ನೋಡಿಯೂ ಒಂದು ದಿನವೂ ಮನೆಯಲ್ಲಿ ಹೇಳಲಿಲ್ಲವಲ್ಲ ಎನಿಸಿ, ಅವರ ಮೇಲೆ ಸಣ್ಣ ಸಿಟ್ಟೂ ಬಂತು.

ಕ್ರೇನು ಬಂದ ಬೆಳಿಗ್ಗೆ ಎಲೆಯೂ ಅಲುಗುತ್ತಿರಲಿಲ್ಲ. ಬೀದಿಗೆ ಬೀದಿಯೇ ನೆರೆದಿತ್ತು. ರಿಪೇರಿಯ ಹೊತ್ತಿಗೆ ಚಕ್ರವನ್ನು ಕಟ್ಟಿದ್ದ ಸರಪಳಿಯನ್ನು ಗುಂಡಣ್ಣ ಬಿಚ್ಚಿದರು. ಎಲ್ಲರೂ ಕತ್ತೆತ್ತಿ ನಿಂತರು. ಏನೂ ಆಗಲಿಲ್ಲ. ಕಂಪನಿಯ ಮ್ಯಾನೇಜರು ನಕ್ಕರು. ಶ್ರೀಕಾಂತ್ ನಗಲಿಲ್ಲ. ಹತ್ತಿರ ಬಂದು, ನೀನು ಪ್ರಯತ್ನ ಮಾಡಿದೆಯಲ್ಲ, ಅಷ್ಟು ಸಾಕು, ಇನ್ನು ಈಚೆ ಬಾ ಎಂದು ಮೆಲ್ಲಗೆ ಹೇಳಿದ.

ಒಂದು ಕ್ಷಣ ಅವಳಿಗೂ ಸೋತೆನೆನಿಸಿತು. ಆಮೇಲೆ, ಇವನು ಹಾಕಿದ ಪರೀಕ್ಷೆಗೆ ತಾನೇಕೆ ಕೂರಬೇಕಿತ್ತು ಎಂದು ಹೊಳೆಯಿತು.

"ತಿರುಗಿದ್ರೂ ಇಲ್ಲೇ ಇರತ್ತೆ, ತಿರುಗದಿದ್ರೂ ಇಲ್ಲೇ ಇರತ್ತೆ," ಎಂದಳು. "ಅಪ್ಪ ಕೊನೇ ಕಾಲ್ದಲ್ಲಿ ಹಾಸಿಗೆ ಬಿಟ್ಟು ಏಳ್ಲಿಲ್ಲ. ಕೆಲ್ಸ ಮಾಡ್ತಿಲ್ಲ ಅಂತ ಅವರನ್ನ ಯಾರಿಗಾದ್ರೂ ಕೊಟ್ವಾ?"

ಕಲಾವತಿ ಮನೆಗೆ ಹೋಗಿ ಪ್ಲಾಸ್ಟಿಕ್ ಕೊಡವೊಂದನ್ನು ತಂದು ಕ್ರೇನಿನ ಮುಂದೆ ರಸ್ತೆಯ ನಡುವೆ ಇಟ್ಟು, ಪಕ್ಕದಲ್ಲೇ ಕೂತಳು. ಅಂಜಲೈ ತನ್ನ ಕೊಡ ತಂದಳು. ನೀರು ಬಾರದಿದ್ದಾಗ ರಸ್ತೆ ತಡೆದು ಪಳಗಿದ ಹೆಂಗಸರಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ನೋಡನೋಡುತ್ತಿದ್ದಂತೆ ನೀಲಿ, ಕೆಂಪು, ಹಸಿರು ಕೊಡಗಳು ಬೀದಿ ತುಂಬಿದವು. ಮ್ಯಾನೇಜರು ಪೊಲೀಸರನ್ನು ಕರೆಸಿದರು. ಬಂದ ಇನ್‌ಸ್ಪೆಕ್ಟರು ಬಾವಿಯಿರುವ ತುಂಡು ಜಾಗ ಯಾರದೆಂದು ಕೇಳಿದರು. ಕಂಪನಿ ತನ್ನದೆಂದಿತು, ಬೀದಿ ತನ್ನದೆಂದಿತು. ಇನ್‌ಸ್ಪೆಕ್ಟರು ಬಿಸಿಲನ್ನೂ ಹೆಂಗಸರನ್ನೂ ನೋಡಿ, ಕೋರ್ಟಿನಿಂದ ಆದೇಶ ತನ್ನಿ ಎಂದು ಜೀಪು ಹತ್ತಿದರು. ಕ್ರೇನು ಹಿಂದಕ್ಕೆ ಸರಿಯಿತು.

ಊಟದ ಹೊತ್ತು ದಾಟಿದ ಮೇಲೆ ಕಡಲಗಾಳಿ ಎದ್ದಿತು. ಚಕ್ರ ಕಿರ್ರೆಂದು ಅಳುತ್ತಾ ಒಂದು ಸುತ್ತು ಬಂದು ನಿಂತು, ಮತ್ತೆ ಹೊರಟಿತು. ಕೊಳವೆಯಿಂದ ಮೊದಲು ಗಾಳಿ, ಆಮೇಲೆ ತುಕ್ಕಿನ ಕೆಂಪು ನೀರು. ಅಂಜಲೈ ಬೊಗಸೆಯೊಡ್ಡಿ ಬಾಯಿಗೆ ಹಾಕಿಕೊಂಡು ಉಗಿದಳು. ಅದೇ ಹಳೇ ಉಪ್ಪು ಎಂದು ನಕ್ಕಳು. ಗುಂಡಣ್ಣ ತೊಟ್ಟಿಯ ಕಟ್ಟೆಯ ಮೇಲೆ ಕೂತು ಕನ್ನಡಕ ಒರೆಸಿಕೊಂಡರು. ಇದನ್ನು ನೋಡಲು ಶ್ರೀಕಾಂತ್ ಇರಲಿಲ್ಲ. ಕ್ರೇನಿನ ಹಿಂದೆಯೇ ಹೊರಟುಹೋಗಿದ್ದ.

ಈಗ ಕೇಸು ಕೋರ್ಟಿನಲ್ಲಿದೆ. ಶೆಡ್ಡುಗಳು ಹೋದವು, ಅವನ್ನು ಉಳಿಸಿಕೊಳ್ಳಲು ಆಗಲಿಲ್ಲ. ಶ್ರೀಕಾಂತ್ ಆ ಕೆಲಸ ಬಿಟ್ಟನಂತೆ. ಏಕೆಂದು ಅಕ್ಕನಿಗೆ ಹೇಳಿಲ್ಲ, ಮನೆಗೂ ಬರುತ್ತಿಲ್ಲ. ಅದು ಅವಳಿಗೆ ನೋಯುತ್ತದೆ. ಕಂಪನಿ ಯಂತ್ರದ ಸುತ್ತ ತಗಡಿನ ಬೇಲಿ ಹಾಕಿತು. ಹೆಂಗಸರು ಒಂದು ತಗಡು ಬಿಚ್ಚಿ ನೀರು ತಂದರು. ಕಂಪನಿ ಮತ್ತೆ ಹಾಕಿತು, ಅವರು ಮತ್ತೆ ಬಿಚ್ಚಿದರು. ಈಚೆಗೆ ಕಂಪನಿ ಆ ತಗಡು ಹಾಕುವುದನ್ನೇ ಬಿಟ್ಟಿದೆ.