ಲುಂಬಿನಿಯ ಸರ್ಟಿಫಿಕೇಟ್

ಕಾಗದದ ಪ್ರಕಾರ ನನ್ನ ಮಗಳು ಸುಶ್ಮಿತಾ ನಡೆಯಲಾರಳು. ಖರೆ ನೋಡಿದರೆ ಅವಳು ಮಳಖೇಡದ ಕೋಟೆಗೋಡೆ ಹತ್ತಿ ಇಳಿಯುವವಳು, ತಾಲೂಕು ತಂಡಕ್ಕೆ ಖೋಖೋ ಆಡಿದವಳು. ಆದಾಯ ತೆರಿಗೆ ಉಳಿಸಲು ಕಾಗದದಲ್ಲಿ ಅವಳ ಕಾಲು ಮುರಿದವನು ನಾನೇ, ಅವಳ ಅಪ್ಪ ಅಣವೀರ.

ಮನೆಯಲ್ಲಿ ಅಂಗವಿಕಲರನ್ನು ಸಾಕುವವರಿಗೆ ಸರ್ಕಾರ ತೆರಿಗೆಯಲ್ಲಿ ವಿನಾಯಿತಿ ಕೊಡುತ್ತದೆ. ನಮ್ಮ ಸಿಮೆಂಟ್ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ಅದಕ್ಕೆ ಹಕ್ಕಿದ್ದವನು ದೇವಾನಂದ ಒಬ್ಬನೇ. ಅವನ ಮಗಳು ಲುಂಬಿನಿ ಹುಟ್ಟಿದಾಗಿನಿಂದ ನೆಲಕ್ಕೆ ಕಾಲೂರಿಲ್ಲ. ಈ ವರ್ಷ ವಾಪಸ್ ಬರುವ ತೆರಿಗೆಯಲ್ಲಿ ಅವಳಿಗೊಂದು ಗಾಲಿಕುರ್ಚಿ, ಆಮೇಲೆ ಕಾಲೇಜು ಅಂತ ಮಾತಾಗಿತ್ತು.

ನಮಗೆ ಹೊಟ್ಟೆಕಿಚ್ಚು. ಅಂಥ ಮಗುವಿನ ಅಪ್ಪನ ಮೇಲೆ ಹೊಟ್ಟೆಕಿಚ್ಚು, ಥೂ ನಮ್ಮ ಜನ್ಮಕ್ಕೆ! ಹೋದ ವರ್ಷ ಸೇಡಂನ ಏಜೆಂಟ್ ಸುರೇಶಕುಮಾರ, "ಅಂಗವಿಕಲರ ಒಂದು ಸರ್ಟಿಫಿಕೇಟ್ ತಂದ್ಕೊಡ್ರಿ ಸಾಕು, ಎಲ್ಲಾರಿಗೂ ಬರಂಗ ಮಾಡ್ತೀನಿ" ಅಂದ. ತಂದುಕೊಟ್ಟವನು ನಾನು. ದೇವಾನಂದನ ಮನೆಗೆ ಹೋಗಿ, ನನ್ನ ತಂಗಿಯ ಮಗನಿಗೂ ಮಾಡಿಸಬೇಕು, ನಮೂನೆ ನೋಡಿ ಕೊಡುತ್ತೇನೆ ಎಂದು ಸುಳ್ಳು ಹೇಳಿದೆ. ಲುಂಬಿನಿ ತಾನೇ ಡಬ್ಬಿಯಿಂದ ತೆಗೆದುಕೊಟ್ಟಳು. ಚಹಾ ಕುಡಿದೇ ಹೋಗಬೇಕು ಅಂತ ಹಟ ಬೇರೆ ಮಾಡಿದಳು. ನಮ್ಮ ಇಪ್ಪತ್ತೆರಡು ಮಂದಿಯ ಅರ್ಜಿಯಲ್ಲೂ ಅವಳ ಸರ್ಟಿಫಿಕೇಟಿನ ನಂಬರೇ ಹೋಯಿತು.

ಕಂಪ್ಯೂಟರಿಗೆ ಇಷ್ಟೂ ತಿಳಿಯುವುದಿಲ್ಲವೇ? ಈ ಶ್ರಾವಣದಲ್ಲಿ ದೇವಾನಂದನೂ ಸೇರಿ ಇಪ್ಪತ್ಮೂರು ಮಂದಿಗೆ ತೆರಿಗೆ ಇಲಾಖೆಯ ನೋಟಿಸ್ ಬಂತು. ಸುರೇಶಕುಮಾರನ ಫೋನ್ ಬಂದ್. ದೇವಾನಂದನಿಗೆ ಬರಬೇಕಾದದ್ದೂ ನಿಂತುಹೋಯಿತು. ಒಣಗಿದ್ದರ ಜೊತೆ ಹಸಿಯೂ ಸುಟ್ಟಿತು.

ಚಿತ್ತಾಪುರದ ವಕೀಲರು ಸಂಗಮೇಶ್ವರ ಎಲ್ಲರಿಗೂ ಒಂದೇ ಹೇಳಿಕೆ ಟೈಪ್ ಮಾಡಿಸಿಟ್ಟಿದ್ದರು. "ಸಹಿ ಮಾಡ್ರಿ, ಬಡ್ಡಿ ಸಮೇತ ಕಟ್ರಿ, ಮುಗೀತದ," ಅಂದರು. ಆಮೇಲೆ ದೇವಾನಂದನ ಕಡೆ ತಿರುಗಿ, "ನಿಮ್ದು ಖರೆ ಅದ. ವಿಚಾರ ಮಾಡ್ರಿ. ಸಹಿ ಮಾಡ್ಲಿಲ್ಲಂದ್ರ ತನಿಖೆ, ಚೌಕಶಿ ಆಗ್ತದ, ನಿಮ್ಮ ನಂಬರ್ ಮಂದಿ ಕೈಗೆ ಹ್ಯಾಂಗ ಹೋಯ್ತು ಅಂಬೋದು ಹೊರಬೀಳ್ತದ," ಅಂದರು.

ಹೊರಬಿದ್ದರೆ ಮೊದಲು ಬರುವುದು ನನ್ನ ಹೆಸರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಕಿವಿಯಲ್ಲಿ ಊದುತ್ತಾ ಬಂದೆ. "ಚೌಕಶಿ ಅಂದ್ರ ವರ್ಷಗಟ್ಲೆ ಎಳೀತಾರ ದೋಸ್ತ. ನೌಕರಿಗೂ ಕುತ್ತು. ಎಲ್ಲಾರ ಜೋಡಿ ಸಹಿ ಮಾಡಿಬಿಡು."

ಅವನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು. ಮನೆಗೆ ಬಂದ ಕಾಗದವನ್ನೆಲ್ಲ ಓದಿ ಹೇಳುವವಳು ಲುಂಬಿನಿ. ನಾನೂ ಅವನ ಬೆನ್ನಿಗೇ ಮನೆಗೆ ಹೋಗಿದ್ದೆ; ವಕೀಲರ ಈ ಹೇಳಿಕೆಯನ್ನೂ ಅವಳ ಕೈಗೇ ಕೊಟ್ಟ. ಮಂಚದ ಮೇಲೆ ಗೋಡೆಗೆ ಒರಗಿ ಕೂತು ಅವಳು ಜೋರಾಗಿ ಓದಿದಳು: "ನನ್ನ ಪಾಲನೆಯಲ್ಲಿ ಅಂಗವಿಕಲರು ಯಾರೂ ಇಲ್ಲ. ಈ ಹಿಂದೆ ತಿಳಿಸಿದ್ದು ಸುಳ್ಳು."

ದೇವಾನಂದ ತಲೆ ತಗ್ಗಿಸಿದ. ಅವಳು ಕಾಗದ ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ನೋಡಿದಳು.

"ಕಾಕಾ, ನಿಮ್ಮ ತಂಗಿ ಮಗಂದು ಸರ್ಟಿಫಿಕೇಟ್ ಆಯ್ತೇನ್ರಿ?"

ಆಗ ಹೇಳಬಹುದಿತ್ತು. ಈ ಪಾಪಿ ಬಾಯಿ ತೆರೆಯಿತು ಕೂಡ.

"ಆಯ್ತವ್ವ," ಅಂದೆ.

"ಚಲೋ ಆಯ್ತು ಬಿಡ್ರಿ," ಅಂದಳು ಲುಂಬಿನಿ. ಅಪ್ಪನ ಕೈಗೆ ಪೆನ್ನು ಕೊಟ್ಟು, ಕಾಗದದ ಕೆಳಗೆ ಬೆರಳಿಟ್ಟಳು. "ಇಲ್ಲಿ ಮಾಡಪ್ಪಾ."