ಹೊಳೆ ಮೇಲೆ ಹೆಸರೆತ್ತಂಗಿಲ್ಲ

"ಬಾಯಿ ಬಿಟ್ರೆ ಎತ್ತಿ ಹೊಳೆಗೆ ಬಿಸಾಕ್ತೀನಿ, ಬೋಳಿಮಗನೆ! ಗೆಸ್ಟ್ ಹತ್ರ ಮಾತಾಡೋಕೆ ಡೆಸ್ಮಂಡ್ ಇದಾನೆ. ನೀನು ಎಂಜಿನ್ ಹಿಡಿ, ಸಾಕು."

ದೋಣಿಕಟ್ಟೆ ಮೇಲೆ ನಿಂತು ರೆಸಾರ್ಟ್ ಮ್ಯಾನೇಜರ್ ವೂನ್ ಉಗೀತಿದ್ದ. ನನ್ನ ತಪ್ಪೇನಪ್ಪಾ ಅಂದ್ರೆ, ನಿನ್ನೆ ಗೆಸ್ಟ್ ಒಬ್ಬರು ಕೇಳಿದ ಹಕ್ಕಿ ಹೆಸರನ್ನ ನಾನೇ ಹೇಳ್ಬಿಟ್ಟಿದ್ದೆ. ಅದೂ ಸರಿಯಾಗಿ!

"ಬಾಸ್, ಗೈಡ್ ಪರೀಕ್ಷೆ ಅರ್ಜಿಗೆ ನಿಮ್ಮದೊಂದು ಸಹಿ..." ಅಂದೆ. ಟೈಮಿಂಗ್ ನೋಡಿ ನಂದು.

"ಜಸ್ಲಾನ್, ನೀನು ಗೈಡಾ? ಮುಖ ತೊಳ್ಕೊಂಡಿದೀಯಾ? ಇವತ್ತು ತುಟಿ ಹೊಲ್ಕೊಂಡು ಹೋಗ್ಬಾ. ಆಮೇಲೆ ನೋಡೋಣ."

ಹೊಲ್ಕೊಂಡೆ.

ನಮ್ಮ ಗೈಡ್ ಡೆಸ್ಮಂಡ್ ಪಟ್ಟಣದೋನು. ಕಿನಬತಾಂಗನ್ ಹೊಳೆಗೆ ಬಂದು ಎಂಟು ತಿಂಗಳು. ಹಸಿರು ಜಾಕೆಟ್ಟು, ಎದೆ ಮೇಲೆ ಹಳದಿ ದಾರದಲ್ಲಿ ಹೆಸರು. ಆ ದಾರ ಕಂಡಾಗೆಲ್ಲ ನನ್ನ ಹೊಟ್ಟೇಲಿ ಒಲೆ ಹತ್ಕೊಳ್ತದೆ. ಪ್ರಾಣಿ ಕಾಣೋದು ನನಗೆ. ಎಡಕ್ಕಿದ್ರೆ ದೋಣಿ ಹಲಗೆಗೆ ಒಂದು ಒದೆ, ಬಲಕ್ಕಿದ್ರೆ ಎರಡು. ಆಗ ಅವನು ಪಿಚ್ಚರ್ ಹೀರೋ ಥರ ಸ್ಲೋ ಮೋಷನ್ನಲ್ಲಿ ಕೈ ಎತ್ತಿ "ಅಗೋ!" ಅಂತಾನೆ. ಒಂದಿನ ಸುಮ್ಸುಮ್ನೆ ಎರಡು ಒದ್ದೆ. ಮರಕ್ಕಂಟಿದ ಗೆದ್ದಲುಗೂಡನ್ನ ಮಲಗಿರೋ ಉದ್ದಮೂಗಿನ ಕೋತಿ ಅಂದ. ಹನ್ನೊಂದು ಕ್ಯಾಮೆರಾ ಕ್ಲಿಕ್ ಅಂದ್ವು. ನಕ್ಕಿದ್ದು ನಾನೊಬ್ಬನೇ. ಮನೆಗೆ ಹೋದ್ರೆ ಅವ್ವ, "ಆ ಡೆಸ್ಮಂಡನ ಕಣ್ಣು ಹದ್ದಿನ ಕಣ್ಣಂತೆ ಕಣೋ" ಅಂತಾಳೆ. ನನ್ನ ಹೆತ್ತವ್ವ! ಇದಕ್ಕಿಂತ ಕ್ಲೈಮ್ಯಾಕ್ಸ್ ಬೇಕಾ?

ಅವತ್ತು ದೋಣೀಲಿ ಒಬ್ಬರೇ ಗೆಸ್ಟು, ಬೆಳ್ಳಿಕೂದಲಿನ ಪರದೇಶದಮ್ಮ. ಡೆಸ್ಮಂಡ್ ಮುಂದೆ ಕೂತು ಆನೆ ಕತೆ ಬಿಡ್ತಿದ್ದ. ಆ ಕತೆನೂ ನಾನೇ ಹೇಳಿಕೊಟ್ಟಿದ್ದು. ಬಲಗೈ ನೀರಲ್ಲಿ ಆಡಿಸ್ತಿದ್ದ.

ಆ ಕೈಯಿಂದ ನಾಲ್ಕು ಮಾರು ದೂರ ಎರಡು ಗುಬಟು ತೇಲ್ತು. ಕಣ್ಣು.

ನಮ್ಮೋರು ಹೊಳೆ ಮೇಲೆ ಅವಳ ಹೆಸರೆತ್ತಲ್ಲ. ಎತ್ತಿದ್ರೆ ಕರೆದಂಗೆ. ಅಜ್ಜಿ ಅಂತೀವಿ, ಅಷ್ಟೇ. ಎರಡು ಒದ್ದೆ. ಕತೆ ಗುಂಗಲ್ಲಿ ಅವನಿಗೆ ಕೇಳಿಸಲಿಲ್ಲ. ಮೆಲ್ಲಗೆ, "ಅಜ್ಜಿ ಬಂದ್ಲು ಕಣೋ," ಅಂದೆ.

ಅವನು ತಿರುಗಿ ನಕ್ಕ. "ಮೇಡಂ, ಬೇಜಾರು ಮಾಡ್ಕೋಬೇಡಿ. ಈ ಕಾಡುಮುಂಡೇದು ನಿಮ್ಮನ್ನ ಅಜ್ಜಿ ಅಂತಿದೆ."

ಆಯಮ್ಮನೂ ನಕ್ಕಳು. ಅವನ ಕೈ ಇನ್ನೂ ನೀರಲ್ಲೇ ಇತ್ತು.

ಸುಳ್ಳು ಯಾಕೆ ಹೇಳ್ಲಿ, ಒಂದು ಉಸಿರು ಸುಮ್ನಿದ್ದೆ. ಆ ಒಂದುಸಿರಲ್ಲಿ ಹಸಿರು ಜಾಕೆಟ್ ನನ್ನ ಮೈಮೇಲಿತ್ತು. ಅಳತೆಗೆ ಹೊಲಿಸಿದಂಗೆ.

ಆಮೇಲೆ, "ಮೊಸಳೆ! ಕೈ ತೆಗಿಯೋ, ಲೋಫರ್!" ಅಂತ ಕಿರುಚಿ ದೋಣಿ ಎಡಕ್ಕೆಳೆದೆ. ಡೆಸ್ಮಂಡ್ ಅಂಗಾತ ಬಿದ್ದ. ಕೈ ಇದ್ದ ಜಾಗದಲ್ಲಿ ನೀರು ಫಟ್ ಅಂತ ಸಿಡೀತು.

ಎದ್ದ. ಕೂದಲು ಸರಿ ಮಾಡ್ಕೊಂಡ. "ನೋಡಿದ್ರಾ ಮೇಡಂ? ನಾನು ಆಗಲೇ ಗಮನಿಸಿದ್ದೆ. ಹದಿನೈದು ಅಡಿ ಇರ್ಬೇಕು."

ನಾನು ಎಂಜಿನ್ ಆರಿಸಿದೆ. ಎದ್ದು ನಿಂತು, ನನಗೆ ಬರೋ ಐದಾರು ಇಂಗ್ಲಿಷ್ ಪದದಲ್ಲೇ ಹೇಳಿದೆ. "ನೋಡಿದ್ದು ನಾನು. ಇವನಲ್ಲ. ದಿನಾನೂ ನಾನೇ."

ಆಯಮ್ಮ ಅವನನ್ನ ನೋಡಿದ್ಳು, ನನ್ನನ್ನ ನೋಡಿದ್ಳು. "ನಿನ್ನ ಹೆಸರೇನು?"

ನಾಲ್ಕು ವರ್ಷದಲ್ಲಿ ಯಾವ ಗೆಸ್ಟೂ ಕೇಳಿರಲಿಲ್ಲ.

ಡೆಸ್ಮಂಡ್ ಆಗಲೇ ವಾಕಿಟಾಕಿ ಹಿಡಿದು ಚಾಡಿ ಒಪ್ಪಿಸಿದ್ದ. ವೂನ್ ದನಿ ಗೊರಗೊರ ಅಂತು. "ಆ ನಾಯೀನ ಅಲ್ಲೇ ದಡಕ್ಕೆ ಇಳಿಸು! ಸಹಿಯಂತೆ ಸಹಿ! ಮತ್ತೆ ಈ ಕಡೆ ತಲೆ ಹಾಕಬಾರದು!"

"ಇಳೀತೀನಿ ಬಿಡಣ್ಣಾ. ದೋಣಿ ನೀನು ಓಡಿಸು," ಅಂದೆ.

ಡೆಸ್ಮಂಡ್ ಎಂಜಿನ್ ನೋಡ್ದ. ಸ್ಟಾರ್ಟ್ ಮಾಡೋ ಹಗ್ಗ ಮುಟ್ಟಿ ಕೈ ಹಿಂದಕ್ಕೆ ತಗೊಂಡ. ದೋಣಿ ಅಡ್ಡ ತಿರುಗಿ, ಸೆಳೆತ ಕರೆದುಕೊಂಡು ಹೋದ ಕಡೆ ಹೊರಡ್ತು.

ನಾನು ಆಯಮ್ಮನ ಎದುರಿಗೆ ಕೂತು, ಅವಳು ಚೀಲದಿಂದ ತೆಗೆದ ಪುಸ್ತಕದಲ್ಲಿ ನನ್ನ ಹೆಸರು ಬರೆಸ್ತಿದ್ದೆ, ಒಂದೊಂದೇ ಅಕ್ಷರ.